ಹನ್ನೆರಡು ಲಕ್ಷದ ಆಫರ್‌ನಲ್ಲಿ ಕೈಗೆ ಬರುವುದೆಷ್ಟು?

"ಮಾಮಾ, ಎರಡು ಆಫರ್ ಬಂದಿವೆ. ಹುಬ್ಬಳ್ಳಿಯದು ಏಳೂವರೆ, ಬೆಂಗಳೂರಿನ ಸ್ಟಾರ್ಟಪ್‌ನದು ಹನ್ನೆರಡು. ಹನ್ನೆರಡಕ್ಕೇ ಹೋಗ್ಲಾ?"

ಅಕ್ಕನ ಮಗನ ಮೆಸೇಜು. ಮೂರು ವರ್ಷದ ಅನುಭವ ಇರುವ ಡೆವಲಪರ್. "ಹನ್ನೆರಡು ಕಾಗದದ್ದೋ, ಕೈಯದ್ದೋ?" ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಅವನ ತಪ್ಪೂ ಅಲ್ಲ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿಸುವ ನಮ್ಮ ಕಾಲೇಜುಗಳಲ್ಲಿ ಆಫರ್ ಲೆಟರ್ ಓದುವುದನ್ನು ಒಂದು ತಾಸಾದರೂ ಹೇಳಿಕೊಟ್ಟದ್ದನ್ನು ನಾನು ಕಾಣೆ. ಎರಡೂ ಪಿಡಿಎಫ್ ತರಿಸಿಕೊಂಡು ಭಾನುವಾರ ಬೆಳಗ್ಗೆ ಕಾಫಿ ಲೋಟ, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆವು.

ಸಿಟಿಸಿ ಎಂದರೆ ಸಂಬಳವಲ್ಲ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ವೆಚ್ಚ. ಹನ್ನೆರಡು ಲಕ್ಷವನ್ನು ಬಿಡಿಸಿದಾಗ ಮೊದಲು ಉದುರಿದ್ದು 2 ಲಕ್ಷ. ಅದು ಇಸಾಪ್, ಅಂದರೆ ಮುಂದೊಂದು ದಿನ ಕಂಪನಿಯ ಷೇರು ಕೊಳ್ಳುವ ಹಕ್ಕು. ನಾಲ್ಕು ವರ್ಷಕ್ಕೆ 8 ಲಕ್ಷ ಎಂದು ಅವರೇ ಬೆಲೆ ಕಟ್ಟಿ, ಒಂದು ವರ್ಷದ ಪಾಲನ್ನು ಸಿಟಿಸಿಗೆ ಸೇರಿಸಿದ್ದರು. ಆಮೇಲೆ 1,20,000 ರೂ. ವೇರಿಯಬಲ್, 'ಕಂಪನಿಯ ಹಾಗೂ ವ್ಯಕ್ತಿಯ ಸಾಧನೆಗೆ ಅನುಗುಣವಾಗಿ'. ಉಳಿದದ್ದು 8.8 ಲಕ್ಷ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್ 21,600, ಗ್ರಾಚ್ಯುಟಿ ಬಾಬ್ತು ಸುಮಾರು 20,800, ಆರೋಗ್ಯ ವಿಮೆಯ ಕಂತು 12,000. ಇವೆಲ್ಲ ಕಳೆದು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 68,800. ಅವನ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200 ಹಿಡಿದ ಮೇಲೆ ಕೈಗೆ 66,800 ರೂ. ಹೊಸ ಪದ್ಧತಿಯಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬೀಳದ ಕಾರಣ ಇಷ್ಟಾದರೂ ಉಳಿಯಿತು. ಹುಡುಗ ಮನಸ್ಸಿನಲ್ಲಿ ತಿಂಗಳಿಗೆ ಲಕ್ಷ ಎಣಿಸಿಕೊಂಡಿದ್ದ.

ಹುಬ್ಬಳ್ಳಿಯ ಏಳೂವರೆಗೂ ಇದೇ ಶಸ್ತ್ರಚಿಕಿತ್ಸೆ ಮಾಡಿದೆವು. ಅಲ್ಲಿ ಇಸಾಪ್ ಇಲ್ಲ, ವೇರಿಯಬಲ್ 50 ಸಾವಿರ ಮಾತ್ರ. ಕೈಗೆ 52,600 ರೂ. ಬಂತು. ಕಾಗದದ ಮೇಲೆ ತಿಂಗಳಿಗೆ 37,500 ರೂ. ಅಂತರವಿದ್ದದ್ದು ಕೈಯಲ್ಲಿ 14 ಸಾವಿರಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ಒಂದು ಪಿಜಿ ರೂಮು ಹಿಡಿದು ಎರಡು ಹೊತ್ತು ಊಟ ಮಾಡಿದರೆ ಆ 14 ಸಾವಿರ ಮುಗಿಯಿತು. ಹುಬ್ಬಳ್ಳಿಯಲ್ಲಿ ಅವನು ಅಮ್ಮನ ಕೈಯ ರೊಟ್ಟಿ ತಿಂದು ಕೆಲಸಕ್ಕೆ ಹೋಗುತ್ತಾನೆ.

ಹಾಗೆಂದು ಬೆಂಗಳೂರಿಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ತೂಕ ಮಾಡುವಾಗ ಎರಡೂ ತಟ್ಟೆಯಲ್ಲಿ ಒಂದೇ ಪದಾರ್ಥ ಇರಬೇಕು ಎಂದೆ, ಅಷ್ಟೆ.

ಈ ಬಾಬ್ತುಗಳ ಬಗ್ಗೆ ಒಂದೆರಡು ಮಾತು. ಪಿಎಫ್ ಮೂಲ ವೇತನದ ಶೇ 12. ಆದರೆ ಕಾನೂನಿನ ವೇತನ ಮಿತಿ 15,000 ರೂ. ಆಗಿರುವುದರಿಂದ ಹಲವು ಕಂಪನಿಗಳು 1,800ಕ್ಕೆ ನಿಲ್ಲಿಸುತ್ತವೆ. ನಿಮ್ಮದು ಯಾವುದು ಎಂದು ಕೇಳಿಕೊಳ್ಳಿ, ಕೈಗೆ ಬರುವ ಮೊತ್ತ ಬದಲಾಗುತ್ತದೆ. ಗ್ರಾಚ್ಯುಟಿ 1972ರ ಕಾಯ್ದೆಯ ಕಾಲದಿಂದಲೂ ಐದು ವರ್ಷ ಸೇವೆ ಪೂರೈಸಿದವರಿಗೆ ಸಿಗುವ ಹಣ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರರಿಗೆ ಇದನ್ನು ಒಂದು ವರ್ಷಕ್ಕೆ ಇಳಿಸಿವೆ; ಕಾಯಂ ನೌಕರರಿಗೆ ಐದೇ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಹುಡುಗರ ಸಿಟಿಸಿಯಲ್ಲಿ ಗ್ರಾಚ್ಯುಟಿ ಎಂಬುದು ಬಹುತೇಕ ತೋರಿಕೆಯ ಸಾಲು. ಅದೇ ಸಂಹಿತೆಗಳು ಭತ್ಯೆಗಳ ಒಟ್ಟು ಮೊತ್ತ ಅರ್ಧ ದಾಟಿದರೆ ಹೆಚ್ಚುವರಿಯನ್ನು ವೇತನವೆಂದೇ ಎಣಿಸಬೇಕು ಎನ್ನುತ್ತವೆ. ಮೂಲ ವೇತನವನ್ನು ಚೂರು ಮಾಡಿ 'ಸ್ಪೆಷಲ್ ಅಲೋವೆನ್ಸ್' ಊದಿಸುವ ಹಳೆಯ ಆಟಕ್ಕೆ ಇದರಿಂದ ಕಡಿವಾಣ ಬಿದ್ದಿದೆ.

ವೇರಿಯಬಲ್ ಕುರಿತು ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ಎರಡು ವರ್ಷ ಎಷ್ಟು ಶೇಕಡಾ ಕೊಟ್ಟಿದ್ದೀರಿ?

ಕಾಗದದ ಷೇರು

ಇನ್ನು ಇಸಾಪ್. ಬೆಂಗಳೂರಿನಲ್ಲಿ ಇದರ ಸುತ್ತ ಇರುವಷ್ಟು ದಂತಕಥೆಗಳು ಕೆಂಪೇಗೌಡರ ಗೋಪುರಗಳ ಸುತ್ತಲೂ ಇಲ್ಲ. ಕಥೆಗಳಿಗೆ ಆಧಾರವೂ ಇದೆ. 10,000 ರೂ. ಬಂಡವಾಳದಿಂದ 1981ರಲ್ಲಿ ಶುರುವಾದ ಇನ್ಫೊಸಿಸ್ 1994ರಲ್ಲಿ ನೌಕರರಿಗೆ ಷೇರು ಹಂಚುವ ಯೋಜನೆ ತಂದಾಗ ಅದು ದೇಶಕ್ಕೇ ಹೊಸದು. 2021ರಲ್ಲಿ ಚೆನ್ನೈ ಮೂಲದ ಫ್ರೆಶ್‌ವರ್ಕ್ಸ್ ಅಮೆರಿಕದ ನಾಸ್ಡಾಕ್ ಮಾರುಕಟ್ಟೆಗೆ ಹೋದ ದಿನ ಅದರ 500ಕ್ಕೂ ಹೆಚ್ಚು ನೌಕರರು ಕೋಟ್ಯಧಿಪತಿಗಳಾದರು ಎಂದು ಸಂಸ್ಥಾಪಕ ಗಿರೀಶ್ ಮಾತೃಭೂತಂ ಹೇಳಿದ್ದರು. ಫೋನ್‌ಪೇ ಬೇರೆಯಾದಾಗ ಫ್ಲಿಪ್‌ಕಾರ್ಟ್ ತನ್ನ ಇಸಾಪ್‌ದಾರರಿಗೆ 2023ರಲ್ಲಿ ಸುಮಾರು 70 ಕೋಟಿ ಡಾಲರ್ ನಗದು ಹಂಚಿತು. ಇದರ ಎದುರಿಗೆ ಬೈಜೂಸ್ ಇಡಿ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಗೆದ್ದವರ ಸಂದರ್ಶನ ಪತ್ರಿಕೆಯಲ್ಲಿ ಬರುತ್ತದೆ. ಟ್ರಂಕಿನಲ್ಲಿ ಇಸಾಪ್ ಕೊಟ್ಟ ಪತ್ರ, ಅಂದರೆ ಗ್ರಾಂಟ್ ಲೆಟರ್ ಇಟ್ಟುಕೊಂಡವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ನನ್ನ ಟ್ರಂಕಿನಲ್ಲೂ ಒಂದಿದೆ. ಕೋರಮಂಗಲದ ಒಂದು ಕಂಪನಿಯಲ್ಲಿ, ಹೆಸರು ಬೇಡ, ಮೂರು ವರ್ಷ ದುಡಿದು ಹೊರಬಿದ್ದಾಗ 'ನಿಮ್ಮ ಪಾಲಿನ ಆಪ್ಷನ್‌ಗಳನ್ನು 90 ದಿನದೊಳಗೆ ಹಣ ಕಟ್ಟಿ ಕೊಳ್ಳಬಹುದು' ಎಂಬ ಮೇಲ್ ಬಂತು. ಷೇರಿನ ಹಣ ಕಟ್ಟಬೇಕು, ಮೇಲೆ ತೆರಿಗೆ ಕಟ್ಟಬೇಕು. ಷೇರನ್ನು ಮಾರೋಣವೆಂದರೆ ಕೊಳ್ಳುವವರೇ ಇಲ್ಲ. ಮನೆ ಸಾಲದ ಕಂತು ಕಟ್ಟುತ್ತಿದ್ದ ನಾನು ಬಿಟ್ಟುಬಿಟ್ಟೆ. ಗ್ರಾಂಟ್ ಲೆಟರ್ ಮಾತ್ರ ಒಳ್ಳೆಯ ದಪ್ಪ ಕಾಗದದ್ದು.

ಲೆಕ್ಕ ಹೀಗಿದೆ. ನಿಮಗೆ 2,000 ಆಪ್ಷನ್ ಕೊಟ್ಟಿದ್ದಾರೆ ಎನ್ನಿ. ಕಂಪನಿಯಲ್ಲಿ ಒಟ್ಟು ಎಷ್ಟು ಷೇರುಗಳಿವೆ ಎಂದು ತಿಳಿಯದೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಆಪ್ಷನ್‌ಗಳನ್ನೂ ಸೇರಿಸಿ ಒಟ್ಟು 20 ಲಕ್ಷ ಇದ್ದರೆ ನಿಮ್ಮದು ಶೇ 0.1. ಮುಂದೆ ಎರಡು ಸಲ ಹೂಡಿಕೆ ಬಂದು ಪ್ರತಿ ಸಲ ಶೇ 20ರಷ್ಟು ಪಾಲು ಹೊಸಬರಿಗೆ ಹೋದರೆ ನಿಮ್ಮದು ಶೇ 0.064ಕ್ಕೆ ಕರಗುತ್ತದೆ. ಆಮೇಲೆ ಕಂಪನಿ 100 ಕೋಟಿಗೆ ಮಾರಾಟವಾದರೆ ಸಿಗುವುದು 6.4 ಲಕ್ಷ, ಅದೂ ತೆರಿಗೆಗೆ ಮೊದಲು. ಮಾರಾಟ 25 ಕೋಟಿಗೇ ಆಗಿ, ಹೂಡಿಕೆದಾರರು ಅದುವರೆಗೆ ಹಾಕಿದ ಹಣ 30 ಕೋಟಿಯಿದ್ದರೆ? ಹಾಕಿದ್ದನ್ನು ಮೊದಲು ಎತ್ತಿಕೊಳ್ಳುವ ಹಕ್ಕು ಸಾಮಾನ್ಯವಾಗಿ ಅವರ ಒಪ್ಪಂದದಲ್ಲಿ ಬರೆದಿರುತ್ತದೆ. 25 ಕೋಟಿಯೂ ಅವರಿಗೇ. ನಿಮಗೆ ಸೊನ್ನೆ. ಪತ್ರಿಕೆಯಲ್ಲಿ ಮಾತ್ರ '25 ಕೋಟಿಗೆ ಮಾರಾಟವಾದ ಸ್ಟಾರ್ಟಪ್' ಎಂಬ ತಲೆಬರಹ ಬಂದು ಮಾವನ ಮನೆಯಿಂದ ಅಭಿನಂದನೆಯ ಫೋನ್ ಬರುತ್ತದೆ.

ತೆರಿಗೆಯದು ಇನ್ನೊಂದು ಗಂಟು. ಹತ್ತು ರೂಪಾಯಿಗೆ ಕೊಳ್ಳುವ ಹಕ್ಕಿರುವ 2,000 ಷೇರುಗಳನ್ನು, ಅವುಗಳ ಬೆಲೆ 500 ರೂ. ಎಂದು ಅಂದಾಜಾಗಿರುವಾಗ ಕೊಂಡಿರಿ. ನಡುವಿನ 9.8 ಲಕ್ಷ ರೂ. ಆ ವರ್ಷದ ನಿಮ್ಮ ಸಂಬಳಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ, ಒಂದು ಷೇರನ್ನೂ ನೀವು ಮಾರಿರದಿದ್ದರೂ. ಮಾರಿದಾಗ ಲಾಭದ ಮೇಲೆ ಮತ್ತೆ ಬಂಡವಾಳ ಲಾಭ ತೆರಿಗೆ. 2020ರ ಬಜೆಟ್ ಈ ಮೊದಲ ತೆರಿಗೆಯನ್ನು ಕೆಲವು ವರ್ಷ ಮುಂದೂಡುವ ಅವಕಾಶ ಕೊಟ್ಟಿದೆ. ಆದರೆ ಅದು ಸ್ಟಾರ್ಟಪ್ ಎಂದು ಬೋರ್ಡು ಹಾಕಿಕೊಂಡವರಿಗೆಲ್ಲ ಅಲ್ಲ. ಕೇಂದ್ರದ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದವರಿಗೆ ಮಾತ್ರ. ಕೆಲಸ ಬಿಟ್ಟರೆ ಅಲ್ಲೂ ತೆರಿಗೆ ಕೂಡಲೇ ಬೀಳುತ್ತದೆ.

ನಾಲ್ಕು ವರ್ಷದ ವೆಸ್ಟಿಂಗ್ (ಆಪ್ಷನ್‌ಗಳು ಹಂತ ಹಂತವಾಗಿ ನಿಮ್ಮದಾಗುವುದು), ಮೊದಲ ವರ್ಷ ಏನೂ ಇಲ್ಲ ಎಂಬುದು ವಾಡಿಕೆ. ಆ ಮೊದಲ ವರ್ಷದ ಕಾಯುವಿಕೆ ಕಂಪನಿ ಕಾಯ್ದೆಯ ನಿಯಮದಲ್ಲೇ ಇದೆ. 'ಆರು ತಿಂಗಳಿಗೇ ಷೇರು ಕೊಡುತ್ತೇವೆ' ಎಂದು ಬಾಯಲ್ಲಿ ಹೇಳುವವರು ನಿಯಮ ಓದಿಲ್ಲ, ಇಲ್ಲವೇ ನೀವು ಓದಿಲ್ಲ ಎಂದು ಬಲ್ಲರು. ನನ್ನ ಸಲಹೆ ಕಟುವಾಗಿದೆ: ಆಫರ್ ತೂಗುವಾಗ ಇಸಾಪ್‌ಗೆ ಸೊನ್ನೆ ಬೆಲೆ ಕಟ್ಟಿ. ಸೊನ್ನೆ ಕಟ್ಟಿದ ಮೇಲೂ ಆ ಕೆಲಸ ಬೇಕೆನ್ನಿಸಿದರೆ ಮಾತ್ರ ಸೇರಿ.

ಮೇಜಿನ ಆಚೆ ಬದಿ

ಇಷ್ಟೆಲ್ಲ ಕೇಳಿದರೆ ಸ್ಟಾರ್ಟಪ್ ನಡೆಸುವವರೆಲ್ಲ ಮೋಸಗಾರರು ಎನ್ನಿಸಬಹುದು. ಅಲ್ಲ. ಹೆಚ್ಚಿನವರು ಕೈಯಲ್ಲಿ ಕಾಸಿಲ್ಲದವರು. ಶಿವಮೊಗ್ಗದ ನನ್ನ ಗೆಳೆಯನೊಬ್ಬ ಅಡಿಕೆ ಮಂಡಿಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡಲು ಹೊರಟ. ಅವನ ಗಿರಾಕಿ ವರ್ಷಕ್ಕೆ 6,000 ರೂ. ಕೊಡಲು ಮೂರು ಸಲ ಚೌಕಾಸಿ ಮಾಡುವ ವ್ಯಾಪಾರಿ. ಅವನ ಸರ್ವರ್ ಬಿಲ್ಲು ಬರುವುದು ಡಾಲರ್ ಲೆಕ್ಕದಲ್ಲಿ. 2014ರಲ್ಲಿ 60 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಈಗ 85 ದಾಟಿ ಮೇಲೆ ಹೋಗಿದೆ. ಡೆವಲಪರ್‌ಗಳ ವಿಷಯದಲ್ಲಿ ಅವನು ಪೈಪೋಟಿ ಮಾಡಬೇಕಾದದ್ದು ಜಗತ್ತಿನ ದೊಡ್ಡ ಕಂಪನಿಗಳ ಜೊತೆ. ಜಾಗತಿಕ ಕಂಪನಿಗಳು ತಮ್ಮ ಸ್ವಂತ ಕೆಲಸಕ್ಕೆಂದೇ ತೆರೆದ ಕೇಂದ್ರಗಳು, ಜಿಸಿಸಿ ಎನ್ನುತ್ತಾರಲ್ಲ ಅವು, ದೇಶದಲ್ಲಿ 1,700 ದಾಟಿವೆ; ಬೆಂಗಳೂರಿನಲ್ಲಿರುವಷ್ಟು ಬೇರಾವ ಊರಲ್ಲೂ ಇಲ್ಲ. ವರಮಾನ ರೂಪಾಯಿಯಲ್ಲಿ, ಖರ್ಚು ಡಾಲರಿನಲ್ಲಿ. ಬೆಂಗಳೂರಾಗಲಿ, ನೈರೋಬಿಯಾಗಲಿ, ಬಡ ಗಿರಾಕಿಯನ್ನು ನಂಬಿದ ಸ್ಟಾರ್ಟಪ್ಪಿನ ಪಾಡು ಇದೇ.

ಗೆಳೆಯ ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ತಲಾ 18,000 ರೂ. ಸಂಬಳಕ್ಕೆ ನಾಲ್ವರು ಫ್ರೆಷರ್‌ಗಳನ್ನು ತೆಗೆದುಕೊಂಡ. ಹುಡುಗರು ಜಾಣರು, ರಾತ್ರಿ ಹಗಲು ದುಡಿದರು. ಏನನ್ನು ಕಟ್ಟಬಾರದು ಎಂದು ಹೇಳುವವರು ಮಾತ್ರ ಇರಲಿಲ್ಲ. ಸುಗ್ಗಿಯ ಸಮಯಕ್ಕೆ ಮಂಡಿಯ ಲೆಕ್ಕ ಎರಡೆರಡು ಸಲ ಜಮೆಯಾಗಿ ಗಿರಾಕಿಗಳು ಹಳೆಯ ಕೆಂಪು ಬಟ್ಟೆಯ ಖಾತೆ ಪುಸ್ತಕಕ್ಕೇ ಮರಳಿದರು. ಆಮೇಲೆ ತಿಂಗಳಿಗೆ ಲಕ್ಷ ಕೊಟ್ಟು ಹತ್ತು ವರ್ಷ ಅನುಭವದ ಒಬ್ಬಳನ್ನು ಕರೆತಂದ. ಬೆಂಗಳೂರಿನ ಟ್ರಾಫಿಕ್ಕು ಸಾಕಾಗಿ ತೀರ್ಥಹಳ್ಳಿಯ ತವರಿಗೆ ಮರಳಿದ್ದ ಆಕೆ ಮೊದಲ ತಿಂಗಳು ಹೊಸದೇನೂ ಬರೆಯಲಿಲ್ಲ. ಬರೆದದ್ದರಲ್ಲಿ ಅರ್ಧ ಅಳಿಸಿದಳು. ನಾಲ್ವರ ಸಂಬಳ ಸೇರಿಸಿದರೆ 72,000. ಒಬ್ಬಳದು ಲಕ್ಷ. ಅಗ್ಗ ಯಾವುದು ಎಂದು ಗೆಳೆಯ ಈಗ ಬೇರೆಯವರಿಗೆ ಪಾಠ ಹೇಳುತ್ತಾನೆ.

ಇದು ಶಿವಮೊಗ್ಗದ ಕಥೆ ಮಾತ್ರವಲ್ಲ. 2014ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಶುರುವಾದ ಆ್ಯಂಡೆಲಾ, ಆಫ್ರಿಕದ ತರುಣರಿಗೆ ಪ್ರೋಗ್ರಾಮಿಂಗ್ ಕಲಿಸಿ ಅಮೆರಿಕದ ಕಂಪನಿಗಳಿಗೆ ದುಡಿಸುವ ಮಾದರಿಯಿಂದ ಹೆಸರು ಮಾಡಿತು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ನೈಜೀರಿಯಾ, ಕೀನ್ಯಾ, ಉಗಾಂಡಗಳಲ್ಲಿ 400ರಷ್ಟು ಕಿರಿಯ ಡೆವಲಪರ್‌ಗಳನ್ನು ಕೈಬಿಟ್ಟಿತು. ಮಾರುಕಟ್ಟೆ ಕೇಳುತ್ತಿರುವುದು ಅನುಭವಿಗಳನ್ನು, ಕಿರಿಯರನ್ನಲ್ಲ ಎಂಬುದು ಅದು ಕೊಟ್ಟ ಕಾರಣ. ಕಲಿತವರು ಬೇಕಾದಷ್ಟು, ಪಳಗಿದವರು ವಿರಳ. ನಮ್ಮಲ್ಲಿ ದೊಡ್ಡ ಸರ್ವಿಸ್ ಕಂಪನಿಗಳ ಫ್ರೆಷರ್ ಸಂಬಳ 2010ರ ಸುಮಾರಿಗೆ ಮೂರು ಲಕ್ಷದ ಆಸುಪಾಸಿನಲ್ಲಿದ್ದದ್ದು ಇವತ್ತೂ ಮೂರೂವರೆಯ ಸುತ್ತಲೇ ಗಿರಕಿ ಹೊಡೆಯುತ್ತಿರುವುದಕ್ಕೂ, ಹತ್ತು ವರ್ಷ ದಾಟಿದವರ ಸಂಬಳ ಮುಗಿಲು ಮುಟ್ಟಿರುವುದಕ್ಕೂ ಇದೇ ಕಾರಣ.

ಆದ್ದರಿಂದ ಸಣ್ಣ ಊರಿನಲ್ಲಿ ಸ್ಟಾರ್ಟಪ್ ಮಾಡುವವರಿಗೆ ನನ್ನ ಮಾತು: ಮೊದಲ ನೇಮಕ ದುಬಾರಿಯದೇ ಆಗಿರಲಿ. ಒಬ್ಬ ಪಳಗಿದವರು, ಅವರ ಕೈಕೆಳಗೆ ಇಬ್ಬರು ಕಿರಿಯರು, ಅಷ್ಟರಲ್ಲೇ ಎರಡು ವರ್ಷ ತಳ್ಳಬಹುದು. ಕೋಟಿಗೂ ಮಿಕ್ಕಿ ಗ್ರಾಹಕರಿರುವ ಷೇರು ದಲ್ಲಾಳಿ ಕಂಪನಿ ಜೆರೋಧಾದ ತಂತ್ರಜ್ಞಾನ ತಂಡ ಮೂವತ್ತು ಚಿಲ್ಲರೆ ಮಂದಿಯದು ಎಂದು ಅವರೇ ಹೇಳಿಕೊಂಡಿದ್ದಾರೆ. ಮುಕ್ತ ತಂತ್ರಾಂಶಗಳನ್ನು ಪಳಗಿಸಿಕೊಂಡು ನಡೆಸುತ್ತಾರೆ. ಕಿರಿಯರನ್ನೇ ಬೆಳೆಸುತ್ತೇನೆ ಎನ್ನುವವರು ಸಾಫ್ಟ್‌ವೇರ್ ಕಂಪನಿ ಜೋಹೊದ ದಾರಿ ನೋಡಲಿ. 2005ರಿಂದ ಪಿಯುಸಿ, ಡಿಪ್ಲೊಮಾ ಮುಗಿಸಿದವರನ್ನು ಶುಲ್ಕವಿಲ್ಲದೆ, ಸ್ಟೈಪೆಂಡ್ ಕೊಟ್ಟು ಕಲಿಸಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದೆ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು, ಕಲಿಸುವವರು ಬೇಕು. ಬರೀ 'ಇಂಟರ್ನ್' ಎಂದು ಹೆಸರಿಟ್ಟು ಬಿಟ್ಟಿ ದುಡಿಸುವುದು ಜೋಹೊ ಮಾದರಿಯಲ್ಲ.

ಹಣದ ಮಾತಿಗೆ ಬಂದರೆ, ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷ ರೂ.ವರೆಗೆ ಅನುದಾನವುಂಟು, ಪಾಲು ಕೇಳುವುದಿಲ್ಲ, ಸಾಲವೂ ಅಲ್ಲ. ಆದರೆ ಕಂತು ಕಂತಾಗಿ ಬರುತ್ತದೆ. ಸಂಬಳ ಮಾತ್ರ ತಿಂಗಳ ಕೊನೆಗೇ ಕೊಡಬೇಕು. 12 ಲಕ್ಷದವರು ಒಬ್ಬರು, 4 ಲಕ್ಷದವರು ಇಬ್ಬರು ಎಂದರೆ ವರ್ಷಕ್ಕೆ 20 ಲಕ್ಷ ಸಂಬಳಕ್ಕೇ ಹೋಯಿತು. ಕೈಯಲ್ಲಿ ಆರು ತಿಂಗಳ ಸಂಬಳ ಇಲ್ಲದೆ ಯಾರನ್ನೂ ಇದ್ದ ಕೆಲಸ ಬಿಡಿಸಿ ಕರೆತರಬೇಡಿ. 'ನಾವೆಲ್ಲ ಒಂದೇ ಕುಟುಂಬ' ಎಂದು ಸಂದರ್ಶನದಲ್ಲಿ ಹೇಳುವುದನ್ನೂ ನಿಲ್ಲಿಸಿ. 'ನಿಮ್ಮದೇ ಮನೆ ಅಂದುಕೊಳ್ಳಿ' ಎಂದವರ ಮನೆಯಲ್ಲಿ ಎರಡನೇ ಸಲ ಪಲ್ಯ ಕೇಳಲು ಮುಜುಗರವಾಗುತ್ತದಲ್ಲ, ಕುಟುಂಬದಂಥ ಕಂಪನಿಯಲ್ಲಿ ಸಂಬಳ ಹೆಚ್ಚಳ ಕೇಳುವುದೂ ಹಾಗೆಯೇ.

ಬೆಂಗಳೂರಿನ ಸಂಬಳ ಕೊಡಲಾಗದಿದ್ದರೆ ಬೆಂಗಳೂರು ಕೊಡಲಾಗದ್ದನ್ನು ಕೊಡಿ. ರೋಹಿತ್ ಭಟ್ 1996ರಲ್ಲಿ ಉಡುಪಿಯಲ್ಲಿ ರೋಬೊಸಾಫ್ಟ್ ಶುರು ಮಾಡಿದಾಗ ಅಲ್ಲಿಂದ ಸಾಫ್ಟ್‌ವೇರ್ ಹೋಗುತ್ತದೆ ಎಂದರೆ ನಂಬುವವರು ಕಡಿಮೆ. 2021ರಲ್ಲಿ ಜಪಾನಿನ ಟೆಕ್ನೊಪ್ರೊ ಅದನ್ನು 805 ಕೋಟಿ ರೂ.ಗೆ ಕೊಂಡಿತು. ಅಪ್ಪ ಅಮ್ಮನ ಹತ್ತಿರ ಇರಬೇಕೆನ್ನುವ, ಮಕ್ಕಳನ್ನು ಕಡಲಿಗೋ ತೋಟಕ್ಕೋ ಹತ್ತಿರ ಬೆಳೆಸಬೇಕೆನ್ನುವ ಪಳಗಿದ ಕೈಗಳು ಪ್ರತಿ ಜಿಲ್ಲೆಯಲ್ಲೂ ಇವೆ. ತೀರ್ಥಹಳ್ಳಿಯ ಆಕೆ ಬೆಂಗಳೂರಿನಲ್ಲಿ ಗೆಳೆಯ ಕೊಡುವ ಲಕ್ಷಕ್ಕಿಂತ ಹೆಚ್ಚು ಪಡೆಯುತ್ತಿದ್ದಳು.

ಡಾಲರ್ ಸಂಬಳ, ಕನ್ಸಲ್ಟೆಂಟ್ ಹಣೆಪಟ್ಟಿ

ಮೂರನೆಯ ದಾರಿಯೂ ಇದೆ. ಶಿರಸಿಯಲ್ಲೋ ಪುತ್ತೂರಿನಲ್ಲೋ ಕೂತು ಹೊರದೇಶದ ಕಂಪನಿಗೆ ದುಡಿಯುವುದು. ಅಮೆರಿಕದವರಿಗೆ ಕೊಡುವಷ್ಟೇ ಕೊಡುತ್ತಾರೆ ಎಂದು ಹಿಗ್ಗಬೇಡಿ. ಗಿಟ್‌ಲ್ಯಾಬ್‌ನಂಥ ಕಂಪನಿಗಳು ನೀವಿರುವ ಜಾಗ ನೋಡಿ ಸಂಬಳ ಕಟ್ಟುತ್ತವೆ, ಮತ್ತು ಹಾಗೆಂದು ಬಹಿರಂಗವಾಗಿ ಹೇಳುತ್ತವೆ. ಆದರೂ ಸ್ಥಳೀಯ ನಾಣ್ಯ ಬಿದ್ದಷ್ಟೂ ಡಾಲರಿನಲ್ಲಿ ಸಂಬಳ ಪಡೆಯುವವರಿಗೆ ಲಾಭ. ನೈಜೀರಿಯಾದಲ್ಲಿ 2023ರ ಜೂನ್‌ಗೆ ಮೊದಲು ಡಾಲರಿಗೆ 460ರ ಸುಮಾರಿನಲ್ಲಿದ್ದ ನೈರಾ 2024ರಲ್ಲಿ 1,500ಕ್ಕೆ ಕುಸಿಯಿತು. ಡಾಲರಿನಲ್ಲಿ ಸಂಬಳ ಪಡೆಯುತ್ತಿದ್ದವರು ಒಂದೇ ವರ್ಷದಲ್ಲಿ ಸಾಹುಕಾರರಾದರು. ನೈರಾದಲ್ಲಿ ಸಂಬಳ ಕೊಡುತ್ತಿದ್ದ ಸ್ಥಳೀಯ ಸ್ಟಾರ್ಟಪ್‌ಗಳಿಗೆ ಅಂಥವರನ್ನು ಹಿಡಿದಿಟ್ಟುಕೊಳ್ಳುವುದು ಕನಸಿನ ಮಾತಾಯಿತು.

ಡಾಲರ್ ದುಡಿಮೆಯಲ್ಲಿ ನೀವು ನೌಕರರಲ್ಲ, ಬಹುತೇಕ ಗುತ್ತಿಗೆದಾರರು. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ರಜೆಯ ಸಂಬಳ ಇಲ್ಲ. ಆರೋಗ್ಯ ವಿಮೆ ನಿಮ್ಮ ಜೇಬಿನಿಂದ, ಮುಂಗಡ ತೆರಿಗೆ ನೀವೇ ಕಟ್ಟಬೇಕು, ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಸೇವಾ ರಫ್ತಿಗೆ ಜಿಎಸ್‌ಟಿ ಬೀಳದಂತೆ ಪ್ರತಿ ವರ್ಷ ಮುಚ್ಚಳಿಕೆ ಸಲ್ಲಿಸಬೇಕು. ಬ್ಯಾಂಕಿನಿಂದ ವಿದೇಶಿ ಹಣ ಬಂದ ದಾಖಲೆಗಳನ್ನು ಜೋಪಾನ ಮಾಡಿ. ಊರಿನ ಒಬ್ಬ ಒಳ್ಳೆಯ ಸಿಎಗೆ ಕೊಡುವ ಫೀಸು ಇಲ್ಲಿ ದಂಡವಲ್ಲ.

ನಮ್ಮವೇ ಕೆಲವು ಸ್ಟಾರ್ಟಪ್‌ಗಳು ನೌಕರರನ್ನು ಕನ್ಸಲ್ಟೆಂಟ್ ಎಂದು ಬರೆದುಕೊಳ್ಳುತ್ತವೆ. ಶೇ 10 ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಟ್ಟರೆ ಅವರ ಹೊಣೆ ಮುಗಿಯಿತು. ಪಿಎಫ್ ಕಾನೂನು 20 ನೌಕರರಿರುವ ಸಂಸ್ಥೆಗೆ ಕಡ್ಡಾಯ. 19ರಲ್ಲಿ ನಿಲ್ಲಿಸಿ ಉಳಿದವರನ್ನು ಕನ್ಸಲ್ಟೆಂಟ್ ಮಾಡುವ ಜಾಣತನವೂ ನಡೆಯುತ್ತದೆ. ಕನ್ಸಲ್ಟೆಂಟ್ ಎಂದು ಬರೆದು ಇಸಾಪ್ ಕೂಡ ಕೊಡುತ್ತೇವೆ ಎಂದರೆ ತಡೆದು ಕೇಳಿ: ಕಂಪನಿ ನಿಯಮಗಳ ಇಸಾಪ್ ಇರುವುದು ನೌಕರರಿಗೆ.

ಕೊನೆಗೆ ಸಣ್ಣ ಅಕ್ಷರದ ಸಾಲುಗಳು. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ ಎಂಬ ಷರತ್ತು ಕಂಡು ಹೆದರಬೇಡಿ. 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ಅಂಥದ್ದಕ್ಕೆ ಬಲವಿಲ್ಲ. ಆದರೆ ಇಷ್ಟು ವರ್ಷ ದುಡಿಯಲೇಬೇಕೆಂಬ ಸೇವಾ ಬಾಂಡ್ ಹಾಗಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟ ಅಧಿಕಾರಿ 2 ಲಕ್ಷ ರೂ. ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಬಾಂಡ್ ಇದ್ದರೆ ಮೊತ್ತ ನೋಡಿ, ಅವಧಿ ನೋಡಿ, ಆಮೇಲೆ ಸಹಿ.

ಅಕ್ಕನ ಮಗ ಕಡೆಗೆ ಸ್ಟಾರ್ಟಪ್‌ಗೆ ಒಂದು ಮೇಲ್ ಬರೆದ. ಕೈಗೆ ಬರುವ ಮೊತ್ತ ಎಷ್ಟು? ಕಳೆದ ಎರಡು ವರ್ಷ ವೇರಿಯಬಲ್ ಎಷ್ಟು ಕೊಟ್ಟಿದ್ದೀರಿ? ಕಂಪನಿಯ ಒಟ್ಟು ಷೇರುಗಳೆಷ್ಟು, ಆಪ್ಷನ್ ಕೊಳ್ಳುವ ಬೆಲೆ ಏನು, ಬಿಟ್ಟು ಹೋದರೆ ಎಷ್ಟು ದಿನ ಸಮಯ? ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು? ನೋಟಿಸ್ ಅವಧಿ 90 ದಿನವೋ, 60 ದಿನವೋ? ಎರಡು ದಿನ ಬಿಟ್ಟು ಉತ್ತರ ಬಂತು, ಒಂದನ್ನು ಬಿಟ್ಟು ಎಲ್ಲಕ್ಕೂ. ಬಿಟ್ಟದ್ದು ಕೈಯಲ್ಲಿರುವ ಹಣದ ಪ್ರಶ್ನೆ. ಫೋನ್ ಮಾಡಿದ, 'ಅದೆಲ್ಲ ಚಿಂತೆ ಬೇಡ, ಸಾಕಷ್ಟಿದೆ' ಎಂದರಂತೆ. ಅವನೀಗ ಹುಬ್ಬಳ್ಳಿಯಲ್ಲಿದ್ದಾನೆ.

ನೀವೂ ಸಹಿ ಹಾಕುವ ಮುಂಚೆ ಇವನ್ನೇ ಕೇಳಿ. ಉತ್ತರ ಬಾಯಲ್ಲಿ ಬಂದರೆ, ದಯವಿಟ್ಟು ಅದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ ಎನ್ನಿ.